ಕಾಣದ ತೂತಿನ ಬೆನ್ನು ಹತ್ತಿ

ಸೋರುತ್ತಿದೆ ಎಂದು ಗೊತ್ತಾಗುವುದು ಒಂದು, ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುವುದು ಇನ್ನೊಂದು. ರಾತ್ರಿ ಗಟ್ಟಿಯಾಗಿದ್ದ ಸೈಕಲ್ ಚಕ್ರ ಬೆಳಿಗ್ಗೆ ನೆಲಕ್ಕೆ ಕೂತಿದ್ದರೆ ಗಾಳಿ ಹೋಗಿದೆ ಎಂದು ಮಗುವಿಗೂ ತಿಳಿಯುತ್ತದೆ. ಎಲ್ಲಿಂದ ಹೋಯಿತು ಎಂಬುದಕ್ಕೆ ಪಂಕ್ಚರ್ ಅಂಗಡಿಯ ನೀರಿನ ಬೋಗುಣಿಯೇ ಬೇಕು. ಅಂಗಡಿಯವನು ಟ್ಯೂಬಿಗೆ ಹದವಾಗಿ ಗಾಳಿ ತುಂಬಿ, ಗೇಣು ಗೇಣಾಗಿ ನೀರಿಗೆ ಅದ್ದಿ ತಿರುಗಿಸುತ್ತಾನೆ. ಸಣ್ಣ ಗುಳ್ಳೆಗಳ ಸಾಲು ಎದ್ದ ಕಡೆ ಬೆರಳೊತ್ತಿ ಹಿಡಿದು, ಒರೆಸಿ, ಗುರುತು ಹಾಕುತ್ತಾನೆ. ಒಂದು ತೂತು ಸಿಕ್ಕಿತೆಂದು ಅಲ್ಲಿಗೇ ಬಿಡುವುದಿಲ್ಲ. ಉಳಿದ ಟ್ಯೂಬನ್ನೂ ವಾಲ್ವಿನ ಬುಡವನ್ನೂ ಅದ್ದಿ ನೋಡಿದ ಮೇಲೆಯೇ ತೇಪೆಗೆ ಕೈಹಾಕುತ್ತಾನೆ. ಸೋರಿಕೆ ಪತ್ತೆಯ ಶಾಸ್ತ್ರವೆಲ್ಲ ಈ ಬೋಗುಣಿಯಲ್ಲೇ ಇದೆ. ಗೋಡೆಯ ಒಂದು ಬದಿಗೆ ಒತ್ತಡ ಹೆಚ್ಚಿರಬೇಕು, ತೂತಿನಲ್ಲಿ ಏನಾದರೂ ಹಾಯಬೇಕು, ಹಾದದ್ದು ಕಣ್ಣಿಗೋ ಕಿವಿಗೋ ಮೂಗಿಗೋ ಸಿಗಬೇಕು.

ಆದರೆ ಬೋಗುಣಿಯಲ್ಲಿ ಅದ್ದಲಾಗದ ವಸ್ತುಗಳೇ ಜಗತ್ತಿನಲ್ಲಿ ಹೆಚ್ಚು. ರಾಕೆಟ್ಟಿನ ಬಾಲದೊಳಗೆ ಒತ್ತೊತ್ತಾಗಿ ಕೂತ ಕೊಳವೆಗಳು, ಎದೆಯೊಳಗಿನ ಪೇಸ್‌ಮೇಕರ್, ಅರ್ಧ ಮೈಲಿ ಉದ್ದದ ಕಾರ್ಖಾನೆ, ಭೂಮಿಯನ್ನು ಸುತ್ತುತ್ತಿರುವ ಮನೆ. ಇಂಥ ಕಡೆ ತೂತು ಹುಡುಕುವ ವಿದ್ಯೆ ಬೆಳೆದುಬಂದ ದಾರಿ ಸುಮಾರು 370 ವರ್ಷ ಹಿಂದಕ್ಕೆ ಹೋಗುತ್ತದೆ.

ಅದರ ಮೊದಲ ಸಾಧನ ಕಿವಿ. ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್ ಆಗಿದ್ದ ಒಟ್ಟೊ ಫಾನ್ ಗೆರಿಕೆ 17ನೇ ಶತಮಾನದ ನಡುವಿನಲ್ಲಿ ನಿರ್ವಾತವನ್ನು ಉಂಟುಮಾಡಲು ಹೊರಟಾಗ ಕೈಗೆತ್ತಿಕೊಂಡದ್ದು ಮರದ ಪೀಪಾಯಿಯನ್ನು. ಅದರ ತುಂಬ ನೀರು ತುಂಬಿ, ಸಂದುಗಳನ್ನು ಮುಚ್ಚಿ, ಕೆಳಗಿನಿಂದ ನೀರನ್ನು ಪಂಪಿನಿಂದ ಎಳೆದರೆ ಮೇಲೆ ಖಾಲಿ ಜಾಗ ಉಳಿಯಬೇಕೆಂಬುದು ಲೆಕ್ಕ. ನೀರು ಹೊರಬಂತು, ಜೊತೆಗೆ ಪೀಪಾಯಿಯೊಳಗಿಂದ ಕುದಿಯುವ ನೀರಿನಂಥ ಸದ್ದೂ ಬಂತು. ಮರದ ರಂಧ್ರಗಳಿಂದ ಗಾಳಿ ನುಗ್ಗುತ್ತಿತ್ತು. ಆ ಪೀಪಾಯಿಯನ್ನು ನೀರು ತುಂಬಿದ ಇನ್ನೊಂದು ದೊಡ್ಡ ಪೀಪಾಯಿಯೊಳಗೆ ಇಟ್ಟು ನೋಡಿದ. ಈ ಸಲ ಒಳಗಿನಿಂದ ಹಕ್ಕಿಯ ಚಿಲಿಪಿಲಿಯಂಥ ಸದ್ದು ಮೂರು ದಿನ ಕೇಳಿಸಿತು. ಗೆರಿಕೆ ಮರವನ್ನು ಬಿಟ್ಟು ತಾಮ್ರಕ್ಕೆ ಬಂದ. ಒಳಗಿನ ಗಾಳಿ ಎಳೆದ ಮೇಲೆ ಕುದುರೆಗಳ ಎರಡು ಗುಂಪು ಜಗ್ಗಿದರೂ ಬೇರೆಯಾಗದ ಅವನ ಅರ್ಧಗೋಳಗಳ ಚಿತ್ರವನ್ನು ಎಲ್ಲ ಪಠ್ಯಪುಸ್ತಕಗಳೂ ಅಚ್ಚು ಹಾಕುತ್ತವೆ. ಚಿಲಿಪಿಲಿಗುಟ್ಟಿದ ಪೀಪಾಯಿಯನ್ನು ಮಾತ್ರ ಮರೆತುಬಿಡುತ್ತವೆ. ಪಾತ್ರೆ ಸೋರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ, ಅದರ ಮೇಲೆ ಮುಂದಿನ ಹೆಜ್ಜೆ ನಿರ್ಧರಿಸಿದ್ದು ಅಲ್ಲಿಯೇ.

ಕಿವಿಯ ನಂತರದ ಸರದಿ ಮೂಗಿನದು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಬೀದಿಗಳಿಗೆ ಕಲ್ಲಿದ್ದಲ ಅನಿಲದ ದೀಪಗಳು ಬಂದವು. ಆ ಅನಿಲಕ್ಕೆ ತನ್ನದೇ ಕೆಟ್ಟ ವಾಸನೆ ಇತ್ತು, ಹಾಗಾಗಿ ಸೋರಿದರೆ ಮನೆಮಂದಿಗೆ ತಿಳಿಯುತ್ತಿತ್ತು. ಜಾಗ ಹುಡುಕಲು ಮೇಣದಬತ್ತಿ ಹಿಡಿದು ಕೊಳವೆಯ ಗುಂಟ ಹೋಗುವ ಅಪಾಯಕಾರಿ ರೂಢಿಯೂ ಇತ್ತು. ಸೋಪಿನ ನೊರೆ ಬಳಿಯುವುದು ಅದಕ್ಕಿಂತ ಬುದ್ಧಿವಂತಿಕೆಯ ದಾರಿಯಾಗಿ ಉಳಿದುಬಂತು. ಇಂದು ಅಡುಗೆಮನೆಯಲ್ಲಿ ಸಿಲಿಂಡರ್ ಬದಲಾಯಿಸಿದಾಗ ರೆಗ್ಯುಲೇಟರಿನ ಸುತ್ತ ಸೋಪಿನ ನೀರು ಹಚ್ಚಿ ನೋಡುವುದು ಆ ಕಾಲದ ಪಳೆಯುಳಿಕೆ.

ಕಲ್ಲಿದ್ದಲ ಅನಿಲದ ಜಾಗಕ್ಕೆ ನೆಲದಡಿಯ ನೈಸರ್ಗಿಕ ಅನಿಲ ಬಂದಾಗ ಮೂಗಿಗೆ ಕೆಲಸವಿಲ್ಲದಂತಾಯಿತು, ಏಕೆಂದರೆ ಶುದ್ಧವಾದ ಆ ಅನಿಲಕ್ಕೆ ವಾಸನೆಯೇ ಇಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ, ತೆವಳಿ ಮಾತ್ರ ಹೋಗಬಹುದಾದ ಇಕ್ಕಟ್ಟಿನ ಜಾಗದಲ್ಲಿ, ಸೋರಿದ ಅನಿಲ ತುಂಬಿಕೊಂಡು ಸಿಡಿಯಿತು. ಸುಮಾರು 300 ಮಂದಿ ಸತ್ತರು, ಬಹುಪಾಲು ಮಕ್ಕಳು. ಯಾರಿಗೂ ಮುನ್ಸೂಚನೆ ಸಿಕ್ಕಿರಲಿಲ್ಲ. ಆ ಬಳಿಕ ಟೆಕ್ಸಸ್ ರಾಜ್ಯ ಅನಿಲಕ್ಕೆ ಗಬ್ಬುವಾಸನೆಯ ಗಂಧಕದ ಸಂಯುಕ್ತವನ್ನು ಬೆರೆಸಲೇಬೇಕೆಂದು ಕಾನೂನು ಮಾಡಿತು, ಪದ್ಧತಿ ಎಲ್ಲೆಡೆ ಹಬ್ಬಿತು. ನಮ್ಮ ಎಲ್‌ಪಿಜಿಯಲ್ಲಿ ಮೂಗಿಗೆ ಬಡಿಯುವುದು ಅನಿಲವಲ್ಲ, ಅದರಲ್ಲಿ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್. ಹಾಯುವ ವಸ್ತು ತಾನಾಗಿ ಗುರುತು ಕೊಡದಿದ್ದರೆ ಅದಕ್ಕೆ ಗುರುತಿನ ವಸ್ತುವನ್ನು ಬೆರೆಸಿ ಕಳಿಸಬೇಕು ಎಂಬ ಈ ವಿಚಾರ ಮುಂದಿನ ಕಥೆಗೆಲ್ಲ ಬುನಾದಿ.

ಇತ್ತ ಬಲ್ಬಿನ ಕಾರ್ಖಾನೆಗಳಲ್ಲಿ ಬೇರೆಯೇ ಬಗೆಯ ಕಷ್ಟ ಶುರುವಾಗಿತ್ತು. ಬಲ್ಬಿನ ಒಳಗೆ ಗಾಳಿ ಉಳಿದರೆ ತಂತಿ ಸುಟ್ಟುಹೋಗುತ್ತದೆ. ಇಲ್ಲಿ ಸೋರಿಕೆ ಒಳಮುಖದ್ದು, ಪ್ರಮಾಣ ತೀರಾ ಕಡಿಮೆ, ಗುಳ್ಳೆಗೆ ಆಸ್ಪದವಿಲ್ಲ. ಬರ್ಲಿನ್ನಿನ ಸೀಮೆನ್ಸ್ ಬಲ್ಬು ಕಾರ್ಖಾನೆಯಲ್ಲಿದ್ದ ಮಾರ್ಚೆಲ್ಲೊ ಪಿರಾನಿ 1906ರಲ್ಲಿ ಒಂದು ಮಾಪಕ ಮಾಡಿದ. ಬಿಸಿ ತಂತಿಯ ಸುತ್ತ ಅನಿಲ ಎಷ್ಟಿದೆಯೋ ಅಷ್ಟು ಬೇಗ ಅದು ತಣಿಯುತ್ತದೆ, ತಣಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಪಿರಾನಿ ಗೇಜು ಇಂದಿಗೂ ಅದೇ ಹೆಸರಿನಲ್ಲಿ ಎಲ್ಲ ನಿರ್ವಾತ ಪ್ರಯೋಗಾಲಯಗಳಲ್ಲಿದೆ. ಪ್ರಯೋಗಾಲಯದವರು ಇದನ್ನು ತೂತು ಹುಡುಕಲೂ ಬಳಸಿಕೊಂಡರು: ಪಂಪು ಓಡುತ್ತಿರುವಾಗ ಹೊರಗಿನಿಂದ ಬೆಸುಗೆಯ ಮೇಲೆ ಬ್ರಷ್ಷಿನಲ್ಲಿ ಅಸಿಟೋನ್ ಹಚ್ಚುತ್ತ ಹೋದರೆ, ತೂತಿನ ಮೇಲೆ ಬ್ರಷ್ಷು ಬಂದಾಗ ಮುಳ್ಳು ಕದಲುತ್ತದೆ. ಗಾಜಿನ ಉಪಕರಣವಾದರೆ ಟೆಸ್ಲಾ ಕಾಯಿಲಿನ ಕಿಡಿಯನ್ನು ಮೇಲ್ಮೈ ಮೇಲೆ ಆಡಿಸುತ್ತಿದ್ದರು. ಕಿಡಿ ಅತ್ತಿತ್ತ ಓಡುತ್ತಿದ್ದದ್ದು ಸೂಜಿಮೊನೆಯ ತೂತು ಸಿಕ್ಕೊಡನೆ ಅದರೊಳಕ್ಕೆ ಚುಚ್ಚಿಕೊಂಡು ನಿಂತು, ಒಳಗೆ ಬೆಳಕಿನ ಎಳೆ ಎಳೆಯುತ್ತದೆ. ಲೋಹದ ಪಾತ್ರೆಯಲ್ಲಿ ಈ ಚಂದದ ಆಟ ನಡೆಯುವುದಿಲ್ಲ.

ಫ್ರಿಜ್ಜುಗಳು ಮನೆ ಸೇರಿದಾಗ ಜ್ವಾಲೆಯೂ ಕೆಲಸಕ್ಕೆ ಬಂತು. ಬಿಸಿ ತಾಮ್ರಕ್ಕೆ ಕ್ಲೋರಿನ್ ಇರುವ ವಸ್ತು ತಗುಲಿದರೆ ಜ್ವಾಲೆ ಹಸಿರಾಗುತ್ತದೆ ಎಂದು ರಸಾಯನಶಾಸ್ತ್ರಜ್ಞ ಬೈಲ್‌ಸ್ಟೈನ್ 1872ರಲ್ಲಿ ತೋರಿಸಿದ್ದ. ಆಗಿನ ಫ್ರಿಜ್ಜುಗಳನ್ನು ತಂಪಾಗಿಸುತ್ತಿದ್ದ ಫ್ರಿಯಾನ್ ಅನಿಲದಲ್ಲಿ ಕ್ಲೋರಿನ್ ಇತ್ತು. ಫ್ರಿಜ್ ರಿಪೇರಿಯವರು ರಬ್ಬರ್ ಕೊಳವೆಯ ತುದಿಯನ್ನು ಯಂತ್ರದ ಹಿಂಬದಿಯ ಸಂದುಗೊಂದುಗಳಲ್ಲಿ ಆಡಿಸಿ, ಕೈಯಲ್ಲಿದ್ದ ಟಾರ್ಚಿನ ಜ್ವಾಲೆ ನೀಲಿಯಿಂದ ಹಸಿರಿಗೆ ತಿರುಗುವುದನ್ನು ಕಾಯುತ್ತಿದ್ದರು.

ಇಷ್ಟೆಲ್ಲ ಉಪಾಯಗಳಿದ್ದರೂ ಒಂದು ಮಿತಿ ದಾಟಿ ಸಣ್ಣದಾದ ತೂತು ಯಾವುದಕ್ಕೂ ಸಿಗುತ್ತಿರಲಿಲ್ಲ. ಆ ಮಿತಿಯನ್ನು ಮುರಿದದ್ದು ಹೀಲಿಯಂ. ಅದರ ಚರಿತ್ರೆಗೆ ಕರ್ನಾಟಕದಲ್ಲೊಂದು ನಿಲುಗಡೆಯಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ದಖ್ಖನಿನ ಮೇಲೆ ಹಾದುಹೋಯಿತು. ಖಗೋಳಜ್ಞ ವಿಲಿಯಂ ಹರ್ಷೆಲ್‌ನ ಮೊಮ್ಮಗ, ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಜಮಖಂಡಿಯಲ್ಲಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹೂಡಿಕೊಂಡು ಕಾದಿದ್ದ. ಮುಂಗಾರಿನ ಮೋಡ ಆಗಾಗ ಅಡ್ಡ ಬಂದರೂ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆಗಳು ಅವನಿಗೆ ಕಂಡವು. ಅತ್ತ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದ್ರಾಸಿನ ಪಾಗ್ಸನ್ ಅದೇ ಗ್ರಹಣವನ್ನು ನೋಡುತ್ತಿದ್ದರು. ಆ ಕಿತ್ತಳೆ-ಹಳದಿ ಗೆರೆ ಮೊದಮೊದಲು ಸೋಡಿಯಂನದೆಂದೇ ತೋರಿತು. ಅದು ಭೂಮಿಯಲ್ಲಿ ಕಾಣದ ಧಾತುವಿನದೆಂದು ಇಂಗ್ಲೆಂಡಿನ ಲಾಕ್ಯರ್ ವಾದಿಸಿದ. ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ರಸಾಯನಶಾಸ್ತ್ರಜ್ಞ ರ‍್ಯಾಮ್ಸೆ ಯುರೇನಿಯಂ ಖನಿಜವೊಂದರಿಂದ ಅದನ್ನು ಹಿಡಿದು ತೋರಿಸಿದ. ಜಮಖಂಡಿಯಲ್ಲಿ ಗೆರೆಯಾಗಿ ಕಂಡ ಅನಿಲ ಮುಂದೊಂದು ದಿನ ವೆಲ್ಡಿಂಗಿನ ದೋಷ ಹಿಡಿಯುತ್ತದೆಂದು ಆಗ ಯಾರಿಗೆ ಹೊಳೆದೀತು?

1903ರಲ್ಲಿ ಅಮೆರಿಕದ ಕನ್ಸಾಸ್ ರಾಜ್ಯದ ಡೆಕ್ಸ್ಟರ್ ಎಂಬ ಊರಲ್ಲಿ ಬಾವಿ ಕೊರೆದಾಗ ಅನಿಲ ಬಂತು, ಆದರೆ ಹೊತ್ತಿಸಲು ಹೋದರೆ ಹೊತ್ತಲಿಲ್ಲ. ಸಂಭ್ರಮಕ್ಕೆ ನೆರೆದಿದ್ದ ಊರಿನವರು ಪೆಚ್ಚಾದರು. ಎರಡು ವರ್ಷದ ಮೇಲೆ ಅದೇ ರಾಜ್ಯದ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಅದರಲ್ಲಿ ಹೀಲಿಯಂ ಇರುವುದನ್ನು ಕಂಡುಕೊಂಡರು. ಹೀಗೆ ಜಗತ್ತಿನ ಹೀಲಿಯಂ ಭಂಡಾರ ಅಮೆರಿಕದ ಕೈಗೆ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಅಲ್ಲಿ ಸಿಲಿಂಡರುಗಟ್ಟಲೆ ಸಿಗುವ ವಸ್ತುವಾಗಿತ್ತು.

ಆ ಯುದ್ಧದ ನಡುವೆ ಟೆನೆಸಿ ರಾಜ್ಯದ ಓಕ್ ರಿಜ್‌ನಲ್ಲಿ ಕೆ-25 ಎಂಬ ಕಾರ್ಖಾನೆ ಎದ್ದಿತು. ಇಂಗ್ಲಿಷಿನ ಯು ಅಕ್ಷರದ ಆಕಾರ, ಒಂದೊಂದು ತೋಳೂ ಹತ್ತಿರಹತ್ತಿರ ಅರ್ಧ ಮೈಲಿ ಉದ್ದ. ಒಳಗೆ 2,892 ಹಂತಗಳು. ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಕಣ್ಣಿಗೆ ಕಾಣದ ರಂಧ್ರಗಳ ಜರಡಿಯ ಮೂಲಕ ಹಾಯಿಸಿದರೆ ಹಗುರವಾದ ಯುರೇನಿಯಂ-235 ಕೂದಲೆಳೆಯಷ್ಟು ಬೇಗ ಹಾಯುತ್ತದೆ. ಒಂದು ಹಂತದಲ್ಲಿ ಸಿಗುವ ಲಾಭ ಸಾವಿರದಲ್ಲಿ ನಾಲ್ಕು ಪಾಲಿನಷ್ಟು, ಅದೂ ಲೆಕ್ಕದ ಪ್ರಕಾರ. ಅದಕ್ಕೇ ಸಾವಿರಾರು ಹಂತಗಳ ಸರಪಳಿ.

ಈ ಅನಿಲದಷ್ಟು ಮುಂಗೋಪಿ ವಸ್ತು ಕಡಿಮೆ. ಗ್ರೀಸು, ಎಣ್ಣೆ ಕಂಡರೆ ತಿನ್ನುತ್ತದೆ. ಗಾಳಿಯಲ್ಲಿನ ತೇವ ತಾಗಿದರೆ ಒಂದು ಕಡೆ ಲೋಹ ಕೊರೆಯುವ ಆಮ್ಲವಾಗಿ, ಇನ್ನೊಂದು ಕಡೆ ಗಟ್ಟಿ ಪುಡಿಯಾಗಿ ಒಡೆಯುತ್ತದೆ. ಆ ಪುಡಿ ಜರಡಿಯ ರಂಧ್ರಗಳನ್ನು ಮುಚ್ಚಿಬಿಟ್ಟರೆ ಹಂತವೇ ಹಾಳು. ಕಾರ್ಖಾನೆಯ ಬಹುಭಾಗ ಹೊರಗಿನ ವಾಯುಭಾರಕ್ಕಿಂತ ಕಡಿಮೆ ಒತ್ತಡದಲ್ಲಿ ನಡೆಯುವುದರಿಂದ ಎಲ್ಲಿ ತೂತಿದ್ದರೂ ಗಾಳಿ ಒಳಕ್ಕೇ ನುಗ್ಗುತ್ತದೆ. ಮೈಲಿಗಟ್ಟಲೆ ಕೊಳವೆ, ಸಾವಿರಾರು ಪಂಪು, ಎಣಿಸಲಾರದಷ್ಟು ಬೆಸುಗೆ, ವಾಲ್ವು, ಜೋಡಣೆ. ಒಂದೊಂದೂ ಸ್ವಲ್ಪಸ್ವಲ್ಪ ಸೋರಿದರೂ ಒಟ್ಟು ಸೇರಿದಾಗ ಇಡೀ ಕಾರ್ಖಾನೆ ಕಟ್ಟಿಕೊಳ್ಳುತ್ತದೆ. ಸೋಪಿನ ನೊರೆ, ಅಸಿಟೋನಿನ ಬ್ರಷ್ಷು ಇಲ್ಲಿ ಏನೇನೂ ಸಾಲದು.

ಪರಿಹಾರ ಬಂದದ್ದು ಮಿನೆಸೋಟ ವಿಶ್ವವಿದ್ಯಾಲಯದ ಆಲ್‌ಫ್ರೆಡ್ ನೀರ್ ಅವರಿಂದ. ಅವರು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣದ ನಿಷ್ಣಾತರು. ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು, ಅಯಸ್ಕಾಂತದ ನಡುವೆ ಬಾಗಿಸಿ, ತೂಕದ ಪ್ರಕಾರ ಬೇರೆ ಬೇರೆ ಮಾಡುವ ಯಂತ್ರವದು. 1940ರ ಫೆಬ್ರುವರಿ 29ರಂದು ನೀರ್ ತಾವು ಬೇರ್ಪಡಿಸಿದ ಯುರೇನಿಯಂನ ಅತ್ಯಲ್ಪ ಕಣಗಳನ್ನು ಕಾಗದದ ಅಂಚಿಗೆ ಅಂಟಿಸಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಅಂಚೆಯಲ್ಲಿ ಕಳಿಸಿದ್ದರು. ಸೀಳುವುದು 235ನೆಯದೇ ಎಂದು ಅದರಿಂದಲೇ ರುಜುವಾತಾಯಿತು. 1943ರಲ್ಲಿ ಅವರು ಕೆ-25ರ ವಿನ್ಯಾಸ ನಡೆಸುತ್ತಿದ್ದ ಕೆಲೆಕ್ಸ್ ಕಂಪನಿಗೆ ಬಂದು ತಮ್ಮ ಉಪಕರಣವನ್ನು ಸೋರಿಕೆಯ ಬೇಟೆಗೆ ಹೊಂದಿಸಿದರು.

ಅದು ನಡೆಯುವ ರೀತಿ ಹೀಗೆ. ಪರೀಕ್ಷಿಸಬೇಕಾದ ಕೊಳವೆಯನ್ನು ಪತ್ತೆಯಂತ್ರಕ್ಕೆ ಜೋಡಿಸಿ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದುಹಾಕುತ್ತಾರೆ. ಬಳಿಕ ಹೊರಗಿನಿಂದ, ಸಣ್ಣ ಮೂತಿಯ ಕೊಳವೆಯಲ್ಲಿ ಹೀಲಿಯಂ ಊದುತ್ತ ಹೋಗುತ್ತಾರೆ. ತೂತಿದ್ದ ಕಡೆ ಹೀಲಿಯಂ ಒಳಸೇರಿ ಯಂತ್ರಕ್ಕೆ ಬರುತ್ತದೆ. ಅಲ್ಲಿ ಬಿಸಿ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಅದಕ್ಕೆ ಆವೇಶ ಕೊಡುತ್ತವೆ, ಅಯಸ್ಕಾಂತ ಬಾಗಿಸುತ್ತದೆ. 28 ತೂಕದ ನೈಟ್ರೋಜನ್, 32ರ ಆಕ್ಸಿಜನ್, 18ರ ನೀರಾವಿ ದಾರಿ ತಪ್ಪಿ ಗೋಡೆಗೆ ಬಡಿಯುತ್ತವೆ. 4 ತೂಕದ ಹೀಲಿಯಂ ಮಾತ್ರ ಕಿಂಡಿಯಲ್ಲಿ ನುಸುಳಿ ಮುಳ್ಳನ್ನು ಏರಿಸುತ್ತದೆ.

ಹೀಲಿಯಂ ಆಯ್ಕೆಯಾದದ್ದು ಸುಮ್ಮನೆ ಅಲ್ಲ. ಹೈಡ್ರೋಜನ್ ಅದಕ್ಕಿಂತ ಹಗುರ, ಆದರೆ ಹೊತ್ತಿಕೊಳ್ಳುತ್ತದೆ. ಜೊತೆಗೆ ಪಂಪಿನ ಎಣ್ಣೆ, ಗೋಡೆಯ ತೇವ ಎಲ್ಲದರಿಂದಲೂ ಹೈಡ್ರೋಜನ್ ಹೊರಬರುವುದರಿಂದ ಮುಳ್ಳು ಯಾವಾಗಲೂ ಕುಣಿಯುತ್ತಿರುತ್ತದೆ. ಹೀಲಿಯಂ ಯಾವುದರ ಜೊತೆಗೂ ಸೇರದು, ವಿಷವಲ್ಲ, ಅದರ ಪರಮಾಣು ತೀರ ಸಣ್ಣದು. ಎಲ್ಲಕ್ಕಿಂತ ಮಿಗಿಲಾಗಿ ನಾವು ಉಸಿರಾಡುವ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಐದು ಪಾಲು ಮಾತ್ರ. ಹಾಗಾಗಿ ಮುಳ್ಳು ಎದ್ದರೆ ಅದು ಊದಿದ ಹೀಲಿಯಂನಿಂದಲೇ.

ಪರೀಕ್ಷಕರ ಕೈಗೆ ಕೆಲವು ರೂಢಿಗಳು ಬೇಗ ಬಂದವು, ಇಂದಿಗೂ ಅವೇ ನಡೆದಿವೆ. ಹೀಲಿಯಂ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಕೆಳಗಿನಿಂದ ಊದುತ್ತ ಬಂದರೆ ಮೇಲಿನ ಜೋಡಣೆಯ ತೂತು ಅದನ್ನು ಹೀರಿಕೊಂಡು, ಕೆಳಗಿನ ನಿರಪರಾಧಿ ಬೆಸುಗೆಯ ಮೇಲೆ ತಪ್ಪು ಹೊರಿಸುತ್ತದೆ. ಆದ್ದರಿಂದ ಮೇಲಿನಿಂದ ಕೆಳಕ್ಕೆ, ಪಂಪಿನ ಹತ್ತಿರದಿಂದ ದೂರಕ್ಕೆ. ದೊಡ್ಡ ಪಾತ್ರೆಯಾದರೆ ಹೀಲಿಯಂ ತೂತಿನಿಂದ ಯಂತ್ರಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಅವಸರದಲ್ಲಿ ಮುಂದೆ ಸರಿದವರು ಮುಳ್ಳೆದ್ದಾಗ ಇನ್ಯಾವುದೋ ಬೆಸುಗೆಯ ಮುಂದೆ ನಿಂತಿರುತ್ತಾರೆ. ಕೈಗೆಟುಕದ ಇಕ್ಕಟ್ಟಿನಲ್ಲಿ ಭಾಗವನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಅದರೊಳಗೆ ಹೀಲಿಯಂ ತುಂಬುತ್ತಾರೆ. ಸೋರುತ್ತಿದೆ ಎಂದು ಗೊತ್ತಾದರೆ ಚೀಲವನ್ನು ಅರ್ಧ ಮಾಡಿ ಮತ್ತೆ ನೋಡುವುದು, ಮತ್ತೂ ಅರ್ಧ.

1945ರ ಜನವರಿಯಲ್ಲಿ ಕೆ-25ರ ಮೊದಲ ಹಂತಕ್ಕೆ ಅನಿಲ ಬಿಟ್ಟಾಗ ಕೊಳವೆಗಳು ಗಾಳಿಯನ್ನು ತಡೆದು ನಿಂತವು. ಅಲ್ಲಿ ದುಡಿದ ಸಾವಿರಾರು ಜನರಲ್ಲಿ ಬಹುತೇಕರಿಗೆ ತಾವು ಏನು ತಯಾರಿಸುತ್ತಿದ್ದೇವೆಂದು ಗೊತ್ತಿರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಹಿರೋಶಿಮಾದ ಸುದ್ದಿಯ ಜೊತೆಗೇ ಗೊತ್ತಾಯಿತು. ಪೇಸ್‌ಮೇಕರನ್ನೂ ಫ್ರಿಜ್ಜನ್ನೂ ಕಾಯುವ ಇಂದಿನ ಸೌಮ್ಯ ಉಪಕರಣದ ಹುಟ್ಟು ಅಲ್ಲಿಯದು ಎಂಬುದನ್ನು ಅದರ ಚರಿತ್ರೆ ಬರೆಯುವವರು ಮುಚ್ಚಿಡುವಂತಿಲ್ಲ.

ಕೆ-25 ಕಲಿಸಿದ ದೊಡ್ಡ ಪಾಠ ಯಂತ್ರದ್ದಲ್ಲ, ಪ್ರಶ್ನೆಯದು. ಅದಕ್ಕೆ ಮೊದಲು ‘ಇದು ಸೋರುತ್ತದೆಯೋ ಇಲ್ಲವೋ’ ಎಂದು ಕೇಳುತ್ತಿದ್ದರು. ಆಮೇಲೆ ‘ಎಷ್ಟು ಸೋರುತ್ತದೆ, ಎಷ್ಟನ್ನು ಸಹಿಸಬಹುದು’ ಎಂದು ಕೇಳತೊಡಗಿದರು. ಹೀಲಿಯಂ ಯಂತ್ರದ ಮುಂದೆ ಸೋರದ ಪಾತ್ರೆಯೇ ಇಲ್ಲ. ಸೋರಿಕೆಗೆ ಅಳತೆ ಬಂತು: ವಾಯುಭಾರದ ಒತ್ತಡದಲ್ಲಿ ಸೆಕೆಂಡಿಗೆ ಎಷ್ಟು ಘನ ಸೆಂಟಿಮೀಟರ್, ಅಂದರೆ ಎಷ್ಟು ಸಿಸಿ. ಹತ್ತು ಸಾವಿರದಲ್ಲೊಂದು ಸಿಸಿಯ ಸೋರಿಕೆಯೆಂದರೆ ಒಂದು ಸಿಸಿ ಅನಿಲ ಹೋಗಲು ಸುಮಾರು ಎರಡೂ ಮುಕ್ಕಾಲು ಗಂಟೆ. ನೀರಿನಡಿ ಐದು ಸೆಕೆಂಡಿಗೊಂದು ಸಾಸಿವೆಗಿಂತ ಸಣ್ಣ ಗುಳ್ಳೆ. ಪಂಕ್ಚರ್ ಅಂಗಡಿಯ ಬೋಗುಣಿಯ ಸಾಮರ್ಥ್ಯ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ. ಕೋಟಿಯಲ್ಲೊಂದು ಸಿಸಿಯೆಂದರೆ ವರ್ಷಕ್ಕೆ ಮೂರು ಸಿಸಿ. ನೂರು ಕೋಟಿಯಲ್ಲೊಂದು ಎಂದರೆ ಒಂದು ಸಿಸಿಗೆ 32 ವರ್ಷ. ಹೀಲಿಯಂ ಯಂತ್ರಕ್ಕೆ ಇದೂ ಕಾಣುತ್ತದೆ.

ಯುದ್ಧ ಮುಗಿದೊಡನೆ ಈ ವಿದ್ಯೆ ಮಾರುಕಟ್ಟೆಗೆ ಇಳಿಯಿತು. ಕೆ-25 ಸೇರಿದ್ದ ಅಣುಬಾಂಬಿನ ಮ್ಯಾನ್‌ಹಟನ್ ಯೋಜನೆಯಲ್ಲಿ ದುಡಿದಿದ್ದ ಇಬ್ಬರು 1945ರಲ್ಲಿ ವೀಕೊ ಕಂಪನಿ ಕಟ್ಟಿ ಹೀಲಿಯಂ ಪತ್ತೆಯಂತ್ರಗಳನ್ನು ಮಾರತೊಡಗಿದರು. ಮೊದಲ ಯಂತ್ರಗಳಿಗೆ ದ್ರವ ನೈಟ್ರೋಜನ್ ಸುರಿಯುತ್ತಲೇ ಇರಬೇಕಿತ್ತು. ಟರ್ಬೊ ಪಂಪುಗಳು ಬಂದ ಮೇಲೆ ಆ ಗೋಜು ತಪ್ಪಿ ಯಂತ್ರ ಗಾಲಿಗಳ ಮೇಲೆ ಓಡಾಡುವಷ್ಟು ಚಿಕ್ಕದಾಯಿತು.

ಎಲೆಕ್ಟ್ರಾನಿಕ್ಸ್ ಬೆಳೆದಂತೆ ಸಮಸ್ಯೆ ಮತ್ತೆ ಬದಲಾಯಿತು. ಟ್ರಾನ್ಸಿಸ್ಟರಿನ ಲೋಹದ ಟೋಪಿ ಒಮ್ಮೆ ಬೆಸೆದ ಮೇಲೆ ಅದರೊಳಗೆ ಪಂಪು ಜೋಡಿಸಲು ದಾರಿಯೇ ಇಲ್ಲ. ಆದರೆ ತೇವ ಒಳಹೊಕ್ಕರೆ ಒಳಗಿನ ಕೂದಲೆಳೆಯ ತಂತಿಗಳು ತುಕ್ಕು ಹಿಡಿಯುತ್ತವೆ. ಇದಕ್ಕೆ ಕಂಡುಕೊಂಡ ಉಪಾಯಕ್ಕೆ ಆ ಕಸುಬಿನವರು ‘ಬಾಂಬಿಂಗ್’ ಎನ್ನುತ್ತಾರೆ. ಬಿಡಿಭಾಗಗಳನ್ನು ಒತ್ತಡದ ಹೀಲಿಯಂ ತುಂಬಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ; ತೂತಿದ್ದರೆ ಹೀಲಿಯಂ ಒಳಸೇರುತ್ತದೆ. ಹೊರತೆಗೆದು ನಿರ್ವಾತದಲ್ಲಿ ಇಟ್ಟರೆ ಅದೇ ಹೀಲಿಯಂ ಹೊರಬಂದು ಸಾಕ್ಷಿ ಹೇಳುತ್ತದೆ.

ಈ ಉಪಾಯದಲ್ಲಿ ಒಂದು ಮೋಸ ಅಡಗಿದೆ. ತೂತು ತೀರ ದೊಡ್ಡದಾಗಿದ್ದರೆ ಒಳಸೇರಿದ ಹೀಲಿಯಂ ಪರೀಕ್ಷೆಯ ಮೇಜಿಗೆ ಬರುವಷ್ಟರಲ್ಲೇ ಪೂರ್ತಿ ಖಾಲಿಯಾಗಿರುತ್ತದೆ. ಯಂತ್ರ ಏನೂ ತೋರಿಸದು, ಹಾಳಾದ ವಸ್ತು ಪಾಸಾಗುತ್ತದೆ. ಅಂದರೆ ಅತಿ ಒಳ್ಳೆಯದೂ ಅತಿ ಕೆಟ್ಟದ್ದೂ ಈ ಪರೀಕ್ಷೆಯಲ್ಲಿ ಒಂದೇ. ಅದಕ್ಕಾಗಿ ಹೀಲಿಯಂ ಪರೀಕ್ಷೆಯಾದ ಮೇಲೆ ಬಿಸಿ ದ್ರವದಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದನ್ನು ನಿಯಮ ಮಾಡಿದರು. ಕೋಟಿಯಲ್ಲೊಂದು ಪಾಲು ಕಾಣುವ ಯಂತ್ರದ ಪಕ್ಕದಲ್ಲಿ ಮತ್ತೆ ಬೋಗುಣಿ ಬಂದು ಕೂತಿತು.

ಇನ್ನೊಂದು ಸುಳ್ಳೂ ಉಂಟು. ನಿರ್ವಾತ ಕೋಣೆಯ ಒಳಗೆ ತಳ ಮುಚ್ಚಿದ ರಂಧ್ರಕ್ಕೆ ಸ್ಕ್ರೂ ಬಿಗಿದರೆ ಅದರ ತುದಿಯಲ್ಲಿ ಒಂದು ಹನಿಯಷ್ಟು ಗಾಳಿ ಸಿಕ್ಕಿಬೀಳುತ್ತದೆ. ಅದು ಮರೆಯ ಸುರುಳಿಯಲ್ಲಿ ತೆವಳಿಕೊಂಡು ದಿನಗಟ್ಟಲೆ ಹೊರಬರುತ್ತದೆ. ಮಾಪಕದಲ್ಲಿ ನೋಡಿದರೆ ಥೇಟ್ ಸೋರಿಕೆ. ಹೊರಗೆ ಎಷ್ಟು ಹೀಲಿಯಂ ಊದಿದರೂ ಮುಳ್ಳು ಅಲುಗದು. ಇಲ್ಲದ ತೂತನ್ನು ಹುಡುಕುತ್ತ ವಾರ ಕಳೆದವರು ಎಲ್ಲ ಪ್ರಯೋಗಾಲಯಗಳಲ್ಲೂ ಇದ್ದಾರೆ. ಈಗ ಅಂಥ ಕಡೆ ನಡುವೆ ಉದ್ದಕ್ಕೂ ತೂತು ಕೊರೆದ ಸ್ಕ್ರೂ ಹಾಕುತ್ತಾರೆ.

ವೈದ್ಯಕೀಯ ಉಪಕರಣಗಳಲ್ಲಿ ಎರಡೂ ಕಾಲದ ವಿದ್ಯೆ ಜೊತೆಜೊತೆಗೇ ನಡೆದಿದೆ. 1958ರಲ್ಲಿ ಸ್ಟಾಕ್‌ಹೋಮಿನಲ್ಲಿ ಮನುಷ್ಯನ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟಾಗ ಅದನ್ನು ಎಪಾಕ್ಸಿ ಅಂಟಿನಲ್ಲಿ ಎರಕ ಹೊಯ್ದಿದ್ದರು. ಎಪಾಕ್ಸಿಯೊಳಗೆ ದೇಹದ ತೇವ ನಿಧಾನವಾಗಿ ಇಳಿಯುತ್ತದೆ. 1970ರ ದಶಕದಲ್ಲಿ ಬೆಸೆದ ಟೈಟಾನಿಯಂ ಡಬ್ಬಿ ಬಂದ ಮೇಲೆ ಪೇಸ್‌ಮೇಕರು ಹೀಲಿಯಂ ಪರೀಕ್ಷೆಯ ಗಿರಾಕಿಯಾಯಿತು. ಎಂಡೋಸ್ಕೋಪಿನ ಕಥೆ ಬೇರೆ. ಹೊಟ್ಟೆಯೊಳಗೆ ಇಳಿಸುವ ಆ ಬಳುಕುವ ಕೊಳವೆಯೊಳಗೆ ಕ್ಯಾಮೆರಾ ತಂತಿ, ನೀರಿನ ನಾಳ, ಸಲಕರಣೆ ಹಾಯುವ ನಾಳ ಎಲ್ಲ ಒತ್ತಿಕೊಂಡಿರುತ್ತವೆ. ನಾಳದ ಒಳಪದರದಲ್ಲಿ ಗೀರು ಬಿದ್ದರೆ ರೋಗಿಯ ದ್ರವ ಉಪಕರಣದ ಹೊಟ್ಟೆ ಸೇರಿ, ಕ್ಯಾಮೆರಾ ಕೆಡುವುದಲ್ಲದೆ ಸೋಂಕು ಅಲ್ಲೇ ಮನೆ ಮಾಡುತ್ತದೆ. ಆದ್ದರಿಂದ ಪ್ರತಿ ಬಳಕೆಯ ನಂತರ, ತೊಳೆಯುವ ದ್ರಾವಣಕ್ಕೆ ಹಾಕುವ ಮೊದಲು, ಒಳಗೆ ಗಾಳಿ ತುಂಬಿ ನೀರಿನ ತೊಟ್ಟಿಗೆ ಇಳಿಸಿ ಗುಳ್ಳೆ ನೋಡುತ್ತಾರೆ. ನೋಡುವಾಗ ಹಿಡಿಕೆಯ ಚಕ್ರಗಳನ್ನು ತಿರುಗಿಸಿ ತುದಿಯನ್ನು ನಾಲ್ಕೂ ಕಡೆಗೆ ಬಗ್ಗಿಸಲೇಬೇಕು. ನೇರವಿದ್ದಾಗ ಮುಚ್ಚಿಕೊಂಡ ಗೀರು ಬಗ್ಗಿಸಿದಾಗ ಬಾಯಿ ಬಿಡುತ್ತದೆ.

ಬಗ್ಗಿಸಿದಾಗ ಮಾತ್ರ ಬಾಯಿ ಬಿಡುವ ಗೀರಿನಂತೆ, ತಣ್ಣಗಾದಾಗ ಮಾತ್ರ ಸೋರುವ ಕೊಳವೆಗಳೂ ಇವೆ. 1990ರ ಬೇಸಿಗೆಯಲ್ಲಿ ಅಮೆರಿಕದ ಕೊಲಂಬಿಯಾ ಮತ್ತು ಅಟ್ಲಾಂಟಿಸ್ ಬಾಹ್ಯಾಕಾಶ ನೌಕೆಗಳೆರಡೂ ದ್ರವ ಹೈಡ್ರೋಜನ್ ಸೋರಿಕೆಯಿಂದ ನೆಲಕ್ಕೆ ಅಂಟಿಕೊಂಡವು. ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗಿನ ಆ ದ್ರವ ಹರಿದಾಗ ಲೋಹ ಕುಗ್ಗುತ್ತದೆ, ಸೀಲುಗಳು ಬಿರುಸಾಗುತ್ತವೆ. ಕೋಣೆಯ ಉಷ್ಣತೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೂ ಇಂಧನ ತುಂಬಿದೊಡನೆ ನೌಕೆಯ ಹಿಂಭಾಗದ ಇಂಜಿನ್ ಕೋಣೆಯಲ್ಲಿ ಹೈಡ್ರೋಜನ್ ಮಟ್ಟ ಏರುತ್ತಿತ್ತು. ಇಂಧನ ತುಂಬುವಾಗ ಆ ಇಕ್ಕಟ್ಟಿನ ಕೋಣೆಗೆ ಮನುಷ್ಯರು ಹೋಗುವಂತಿಲ್ಲ. ಕೊಲಂಬಿಯಾದಲ್ಲಿ ಒಂದು ದೋಷ ಸರಿಪಡಿಸಿದರೆ ಇನ್ನೊಂದು ಉಳಿದಿರುತ್ತಿತ್ತು. ಇಂಜಿನ್ ಬಳಿಯ ವಾಲ್ವೊಂದರಲ್ಲಿ ಜಖಂಗೊಂಡ ಟೆಫ್ಲಾನ್ ಸೀಲನ್ನು ಬದಲಾಯಿಸಿದ್ದು ಆ ಸಾಲಿನಲ್ಲಿ ಒಂದು. ಕೊನೆಗೆ ಅಕ್ಟೋಬರ್ 30ರ ಪರೀಕ್ಷೆಗೆ ಇಂಜಿನ್ ಕೋಣೆಯ ಬಾಗಿಲು ತೆಗೆದು ಪಾರದರ್ಶಕ ಪ್ಲೆಕ್ಸಿಗ್ಲಾಸ್ ಬಾಗಿಲು ಹಾಕಿ, ಕ್ಯಾಮೆರಾ, ಸಂವೇದಕಗಳನ್ನು ಕೂರಿಸಿ ದೂರದಿಂದ ನೋಡಿದರು. ಸೋರಿಕೆ ನಿಂತಿತ್ತು. ಮೇ ತಿಂಗಳಲ್ಲಿ ಹೊರಡಬೇಕಿದ್ದ ಕೊಲಂಬಿಯಾ ಹಾರಿದ್ದು ಡಿಸೆಂಬರ್ 2ರಂದು.

ಭಾರತಕ್ಕೆ ಸೋರಿಕೆಯ ಬಿಸಿ 2013ರ ಆಗಸ್ಟ್ 19ರಂದು ತಟ್ಟಿತು. ಶ್ರೀಹರಿಕೋಟಾದಲ್ಲಿ ಜಿಎಸ್‌ಎಲ್‌ವಿ-ಡಿ5 ಹಾರಲು 74 ನಿಮಿಷ ಉಳಿದಿದ್ದಾಗ ಎರಡನೇ ಹಂತದ ಇಂಧನ ಟ್ಯಾಂಕಿನಲ್ಲಿ ಸೋರಿಕೆ ಕಂಡು ಉಡಾವಣೆ ನಿಂತಿತು. ದೋಷ ಜೋಡಣೆಯಲ್ಲಿ ಇರಲಿಲ್ಲ, ಲೋಹದಲ್ಲೇ ಇತ್ತು. ಟ್ಯಾಂಕಿನ ಅಲ್ಯೂಮಿನಿಯಂ ಮಿಶ್ರಲೋಹ ಒತ್ತಡ ಮತ್ತು ತುಕ್ಕು ಸೇರಿ ಕಾಲಕ್ರಮದಲ್ಲಿ ಬಿರುಕು ಬಿಡುವ ಸ್ವಭಾವದ್ದು. ಪರೀಕ್ಷೆಯ ದಿನ ಗಟ್ಟಿಯಾಗಿದ್ದದ್ದು ಉಡಾವಣೆಯ ದಿನ ಗಟ್ಟಿ ಇರಬೇಕೆಂದಿಲ್ಲ. ಇಸ್ರೊ ಬೇರೆ ಮಿಶ್ರಲೋಹದ ಟ್ಯಾಂಕಿರುವ ಹೊಸ ಹಂತವನ್ನು ಕೂರಿಸಿತು. 2014ರ ಜನವರಿ 5ರಂದು ರಾಕೆಟ್ ಜಿಸ್ಯಾಟ್-14 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಮೇಲೆ ಹೋದ ಮೇಲೆ ಸೋರಿದರೆ ವರ್ಕ್‌ಶಾಪಿಗೆ ತರುವ ಮಾತಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2004ರ ಆರಂಭದಲ್ಲಿ ಗಾಳಿಯ ಒತ್ತಡ ನಿಧಾನವಾಗಿ ಇಳಿಯತೊಡಗಿತು. ಗಗನಯಾತ್ರಿ ಮೈಕೆಲ್ ಫೋಲ್ ಶ್ರವಣಾತೀತ ಸದ್ದು ಹಿಡಿಯುವ ಉಪಕರಣ ಹಿಡಿದು ಹುಡುಕಿದಾಗ, ಪ್ರಯೋಗಾಲಯದ ಕಿಟಕಿಯ ಗಾಜುಗಳ ನಡುವಿನ ತೇವ ಹೊರಹಾಕುವ ಬಳುಕುವ ಕೊಳವೆಯೊಂದರಲ್ಲಿ ತೂತು ಸಿಕ್ಕಿತು. ಗೆರಿಕೆಯ ಚಿಲಿಪಿಲಿಯನ್ನೇ ಈ ಸಲ ಕೇಳಿದ್ದು ಎಲೆಕ್ಟ್ರಾನಿಕ್ ಕಿವಿ. ಹೊರಗಿನ ತಂಪುಗೊಳಿಸುವ ಅಮೋನಿಯಾ 2013ರ ಮೇ ತಿಂಗಳಲ್ಲಿ ಬಿಳಿ ಚಕ್ಕೆಗಳಾಗಿ ಉದುರುವುದು ಕಿಟಕಿಯಿಂದಲೇ ಕಂಡಿತು. ಹೊರಗೆ ಹೋಗಿ ಪಂಪಿನ ಪೆಟ್ಟಿಗೆ ಬದಲಾಯಿಸಿದರು. ಕಾಣದಷ್ಟು ಸಣ್ಣ ಅಮೋನಿಯಾ ಸೋರಿಕೆಗಾಗಿ 2015ರ ಡಿಸೆಂಬರಿನಲ್ಲಿ ನಾಸಾ ಒಂದು ಮಾಸ್ ಸ್ಪೆಕ್ಟ್ರೋಮೀಟರನ್ನೇ ಮೇಲಕ್ಕೆ ಕಳಿಸಿತು. ರೋಬಾಟ್ ತೋಳಿನ ತುದಿಯಲ್ಲಿ ಹಿಡಿದು ಕೊಳವೆಗಳ ಗುಂಟ ಅದನ್ನು ಮೂಸಾಡಿಸಿದರು. ನೀರ್ ಅವರ ಯಂತ್ರ ಕೊನೆಗೆ ತನಗೆ ಪಂಪೇ ಬೇಡದ ಜಾಗ ಮುಟ್ಟಿತ್ತು.

ಹೆಚ್ಚು ಸತಾಯಿಸಿದ್ದು ರಷ್ಯಾದ ಜ್ವೆಜ್ದಾ ಘಟಕದ ತುದಿಯ ಪುಟ್ಟ ಓಣಿ. 2019ರಿಂದ ಎಲ್ಲೋ ಗಾಳಿ ಹೋಗುತ್ತಿತ್ತು. 2020ರಲ್ಲಿ ಯಾತ್ರಿಗಳು ಒಂದೊಂದೇ ಘಟಕದ ಬಾಗಿಲು ಮುಚ್ಚಿ, ಯಾವುದರಲ್ಲಿ ಒತ್ತಡ ಇಳಿಯುತ್ತದೆಂದು ನೋಡುತ್ತ ಬಂದು, ಈ ಓಣಿಗೆ ಬಂದು ನಿಂತರು. ಅಲ್ಲಿ ಉಪಕರಣಗಳಿಗೆ ಜಾಗ ನಿಖರವಾಗಿ ಸಿಗಲಿಲ್ಲ. ಅಕ್ಟೋಬರಿನಲ್ಲಿ ಒಂದು ಚಹಾ ಚೀಲ ಹರಿದು ಎಲೆಯ ಚೂರುಗಳನ್ನು ತೇಲಿಬಿಟ್ಟು, ಕ್ಯಾಮೆರಾ ಇಟ್ಟು ಹೊರಬಂದರು. ತೂಕವಿಲ್ಲದ ಆ ಚೂರುಗಳು ನಿಧಾನವಾಗಿ ಒಂದೇ ಕಡೆಗೆ ಸರಿದು ಗೋಡೆಯ ಗೀರೊಂದರ ಬಳಿ ಸೇರಿದ್ದವು. ಗುರುತು ಕೊಡದ ಗಾಳಿಗೆ ಚಹಾ ಎಲೆ ಗುರುತಾಯಿತು. ಯಾತ್ರಿಗಳು ಅದರ ಮೇಲೆ ತೇಪೆ ಹಾಕಿದರು. ಆದರೆ ಅದೊಂದೇ ಗೀರು ಆಗಿರಲಿಲ್ಲ, ಆಮೇಲೂ ವರ್ಷಗಟ್ಟಲೆ ಆ ಓಣಿ ಸೋರುತ್ತಲೇ ಇತ್ತು.

2025ರ ಜೂನಿನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ನಿಲ್ದಾಣದ ಯಾನ ಮುಂದೆ ಹೋದದ್ದು ಮುಖ್ಯವಾಗಿ ಎರಡು ಸೋರಿಕೆಗಳಿಂದ. ಮೊದಲನೆಯದು ಫಾಲ್ಕನ್ 9 ರಾಕೆಟ್ಟಿನ ದ್ರವ ಆಕ್ಸಿಜನ್ ಸೋರಿಕೆ. ಅದನ್ನು ಸರಿಪಡಿಸಿ ಪರೀಕ್ಷಿಸಿಯೇ ಹಾರಿಸಬೇಕೆಂಬ ಪಟ್ಟು ಇಸ್ರೊ ತಂಡದ್ದಾಗಿತ್ತು. ಎರಡನೆಯದು ಇದೇ ಜ್ವೆಜ್ದಾ ಓಣಿ. ರಷ್ಯಾದ ಯಾತ್ರಿಗಳು ಗೀರುಗಳಿಗೆ ಮತ್ತೆ ತೇಪೆ ಹಾಕಿದ ಮೇಲೆ ಓಣಿಯ ಒತ್ತಡ ಸ್ಥಿರವಾಗಿ ನಿಂತಿತು. ಸಮಾಧಾನಪಡಬೇಕಾದ ಹೊತ್ತಿನಲ್ಲಿ ನಾಸಾ ಅನುಮಾನ ಮುಂದಿಟ್ಟಿತು. ಸೋರಿಕೆ ನಿಂತಿದ್ದರೂ ಒತ್ತಡ ಸ್ಥಿರವಾಗಿರುತ್ತದೆ. ಹೊರಗೆ ಹೋಗುವಷ್ಟೇ ಗಾಳಿ ನಿಲ್ದಾಣದ ಕಡೆಯ ಬಾಗಿಲಿನ ಸೀಲಿನಿಂದ ಓಣಿಗೆ ನುಸುಳುತ್ತಿದ್ದರೂ ಸ್ಥಿರವಾಗಿರುತ್ತದೆ. ಎರಡಕ್ಕೂ ಮಾಪಕ ತೋರಿಸುವುದು ಒಂದನ್ನೇ. ಯಾವುದೆಂದು ತಿಳಿಯಲು ಓಣಿಯ ಒತ್ತಡವನ್ನು ಬೇಕೆಂದೇ ಬದಲಾಯಿಸಿ, ಬಾಗಿಲು ಗಾಳಿಯನ್ನು ತಡೆಯುತ್ತದೆಯೇ ಎಂದು ಕಾದು ನೋಡಿದರು. ರಾಕೆಟ್ಟು ಜೂನ್ 25ರಂದು ಹಾರಿತು. ಧಾರವಾಡದ ವಿಜ್ಞಾನಿಗಳು ಮೊಳಕೆಯ ಪ್ರಯೋಗಕ್ಕೆಂದು ಸಿದ್ಧಪಡಿಸಿದ ಹೆಸರುಕಾಳು, ಮೆಂತ್ಯ ಶುಕ್ಲಾ ಅವರ ಜೊತೆಗಿದ್ದವು.